ಉನ್ನತ ಶಿಕ್ಷಣದಲ್ಲಿ ಹೊಸ ಮಾಧ್ಯಮ ಪ್ರಚಾರ: ಧಾರವಾಡದಲ್ಲಿ ಎರಡು ದಿನದ ಸಮ್ಮೇಳನ – ದಿನಾಂಕ, ಗೋಷ್ಠಿ, ಖರ್ಚಿನ ಬಗ್ಗೆ ಸಲಹೆ ಬೇಕು

ಧಾರವಾಡ ಪ್ರವೇಶ ವಿಭಾಗ:

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶಾತಿ, ಸಾರ್ವಜನಿಕ ಸಂಪರ್ಕ, ವೆಬ್‌ಸೈಟ್, ಸಾಮಾಜಿಕ ಜಾಲತಾಣದ ಪುಟ ಇವುಗಳನ್ನು ನೋಡಿಕೊಳ್ಳುವವರಿಗಾಗಿ ರಾಜ್ಯಮಟ್ಟದ ಸಮ್ಮೇಳನವೊಂದನ್ನು ಯೋಚಿಸಿದ್ದೇವೆ. 150 ಪ್ರತಿನಿಧಿಗಳು. ಕಾಲೇಜಿನದೇ ಸಭಾಂಗಣ ಇದೆ, ಜೊತೆಗೆ 40 ಜನ ಕೂರುವ ಮೂರು ಲ್ಯಾಬ್.

ಕರಡು ಹೀಗಿದೆ: ಜುಲೈ ಎರಡನೇ ವಾರ, ಶುಕ್ರವಾರ-ಶನಿವಾರ. ಶುಲ್ಕ 2,500 ರೂ. ಮೊದಲ ದಿನ ಬೆಳಿಗ್ಗೆ ಉದ್ಘಾಟನೆ, ಮೂರು ಉಪನ್ಯಾಸ, ಪ್ರಬಂಧ ಮಂಡನೆ. ಎರಡನೇ ದಿನ ಕಾರ್ಯಾಗಾರ, ಸಮಾರೋಪ. ಪ್ರಬಂಧಗಳನ್ನು ಐಎಸ್‌ಬಿಎನ್ (ಪುಸ್ತಕದ ಅಧಿಕೃತ ಗುರುತು) ಸಂಖ್ಯೆಯ ಸಂಪುಟವಾಗಿ ತರುವ ಮಾತೂ ಇದೆ. ಇದರಲ್ಲಿ ಏನು ಬದಲಿಸಬೇಕು, ಏನು ಕೈಬಿಡಬೇಕು, ಎಲ್ಲಿ ಹಣ ಸೋರುತ್ತದೆ, ನೇರವಾಗಿ ಹೇಳಿ.

ಮಂಗಳೂರು ಪಿಆರ್‌ಒ:

ಸರ್, ಮೊದಲು ಜುಲೈ ಬಿಡಿ. ನೀವು ಕರೆಯುತ್ತಿರುವ ಜನರಲ್ಲಿ ಒಬ್ಬರೂ ಆಗ ಮೇಜು ಬಿಟ್ಟು ಏಳಲಾರರು. ಮಾರ್ಚ್‌ನಲ್ಲಿ ದ್ವಿತೀಯ ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಫಲಿತಾಂಶ ಮತ್ತು ಸಿಇಟಿ, ಮೇ ತಿಂಗಳಲ್ಲಿ ನೀಟ್ ಹಾಗೂ ಕಾಮೆಡ್‌ಕೆ, ಅಲ್ಲಿಂದ ವಿಶ್ವವಿದ್ಯಾಲಯಗಳ ಏಕೀಕೃತ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಪದವಿ ಅರ್ಜಿ, ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ, ಸೀಟು ಹಂಚಿಕೆಯ ಸುತ್ತುಗಳು. ಜುಲೈ ಎಂದರೆ ಈ ಎಲ್ಲದರ ನಡು. ಆಷಾಢದಲ್ಲಿ ಮದುವೆ ಇಲ್ಲ, ಅಡುಗೆಯವರು ಅಗ್ಗಕ್ಕೆ ಸಿಗುತ್ತಾರೆ ಎಂದು ಬಹಳ ಕಡೆ ಜುಲೈ ಇಟ್ಟುಕೊಳ್ಳುತ್ತಾರೆ. ಆಗ ಬರುವವರು ಪ್ರವೇಶಾತಿಗೆ ಸಂಬಂಧವಿಲ್ಲದ ಅಧ್ಯಾಪಕರು. ಅವರಿಗೆ ಬೇಕಾದದ್ದು ಪ್ರಮಾಣಪತ್ರ.

ಇನ್ನೊಂದು ತುದಿಯನ್ನೂ ನೋಡಿ. ಮುಂದಿನ ವರ್ಷದ ಪ್ರಚಾರಕ್ಕೆ ಆಡಳಿತ ಮಂಡಳಿಯಿಂದ ಹಣ ಮಂಜೂರಾಗುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಪಿಯು ಕಾಲೇಜುಗಳ ಭೇಟಿ ನವೆಂಬರ್‌ನಿಂದ ಶುರು. ಜನವರಿಯಲ್ಲಿ ಸಮ್ಮೇಳನ ಇಟ್ಟರೆ ಅಷ್ಟರಲ್ಲಿ ಏಜೆನ್ಸಿಗಳ ಜೊತೆ ಒಪ್ಪಂದ ಮುಗಿದಿರುತ್ತದೆ, ಕಲಿತದ್ದನ್ನು ಬಳಸಲು ಮತ್ತೊಂದು ವರ್ಷ ಕಾಯಬೇಕು. ಅಮೆರಿಕದಲ್ಲಿ ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ ನಡೆಸುವ ಉನ್ನತ ಶಿಕ್ಷಣ ಪ್ರಚಾರದ ಸಮಾವೇಶ ನವೆಂಬರ್‌ನಲ್ಲಿ ಬರುತ್ತದೆ. ಅಲ್ಲಿನ ಪ್ರವೇಶದ ಪಂಚಾಂಗವೇ ಬೇರೆ, ಅದನ್ನು ನೋಡಿ ನಾವು ತಿಂಗಳು ಆರಿಸಬಾರದು. ನಮಗೆ ಒದಗುವುದು ಸೆಪ್ಟೆಂಬರ್ ಕೊನೆಯಿಂದ ದಸರಾ ಒಳಗಿನ ಕಿರಿದಾದ ಕಿಂಡಿ.

ಹುಬ್ಬಳ್ಳಿ ವ್ಯವಸ್ಥೆ:

ಪಿಆರ್‌ಒ ಮೇಡಂ ಹೇಳಿದ್ದು ಖರೇ ಅದ. ಇಲ್ಲಿಯವನಾಗಿ ಒಂದು ಮಾತು ಸೇರಿಸ್ತೀನ್ರಿ: ಪಕ್ಷಮಾಸದ ಮೊದಲ ವಾರ ನೋಡ್ರಿ. ಮದುವೆ, ಗೃಹಪ್ರವೇಶ ಇರಂಗಿಲ್ಲ. ಹುಬ್ಬಳ್ಳಿ-ಧಾರವಾಡ ಎರಡೂ ಕಡೆ ಲಾಡ್ಜಿನ ಕೋಣೆ, ಅಡುಗೆಯವರು, ಶಾಮಿಯಾನ, ಮೈಕು ಎಲ್ಲಾ ಖಾಲಿ ಸಿಗ್ತಾವು, ದರದಾಗ ಮಾತಾಡಲಿಕ್ಕೂ ಬರ್ತದ. ಮಹಾಲಯ ಅಮಾವಾಸ್ಯೆ ಹತ್ತಿರ ಮಾತ್ರ ಹೋಗಬ್ಯಾಡ್ರಿ. ಮನ್ಯಾಗ ಶ್ರಾದ್ಧ ಇರೋರು ಬರಂಗಿಲ್ಲ. ಮತ್ತ ಈ ಹದಿನೈದು ದಿನ ಹೊರಗಿನ ಊಟ ಬಿಟ್ಟವರೂ ಇರ್ತಾರ. ನೋಂದಣಿ ಫಾರ್ಮಿನಾಗ ಊಟದ ಬಗ್ಗೆ ಒಂದು ಪ್ರಶ್ನೆ ಇಡ್ರಿ, ಅಷ್ಟು ತಾಟು ಕಡಿಮಿ ಹೇಳಬಹುದು.

ಶುಕ್ರವಾರ-ಶನಿವಾರಕ್ಕಿಂತ ಗುರುವಾರ-ಶುಕ್ರವಾರ ಛಲೋ. ಕಾಲೇಜಿನಿಂದ ಕರ್ತವ್ಯದ ಮ್ಯಾಲೆ ಬರೋರು ಶನಿವಾರ ಮಧ್ಯಾಹ್ನದ ಮೊದಲ ಚೀಲ ಹೆಗಲಿಗೆ ಹಾಕ್ಕೋತಾರ.

ರೈಲಿನ ಲೆಕ್ಕಾನೂ ನೋಡ್ರಿ. ಬೆಂಗಳೂರಿನಿಂದ ಬೆಳಿಗ್ಗೆ ಬಿಡೋ ವಂದೇ ಭಾರತ್ (2023ರಿಂದ ಓಡಾಕತ್ತೇದ) ಧಾರವಾಡ ಮುಟ್ಟೂದು ಮಧ್ಯಾಹ್ನದ ಹೊತ್ತಿಗೆ. ಬೆಳಿಗ್ಗೆ 9ಕ್ಕ ಉದ್ಘಾಟನೆ ಇಟ್ಟರ ಬೆಂಗಳೂರು, ತುಮಕೂರು, ದಾವಣಗೆರೆ ಮಂದಿ ಹಿಂದಿನ ರಾತ್ರೀನೇ ಬಂದು ಕೋಣೆ ಹಿಡೀಬೇಕು. ಮೊದಲ ದಿನ 12.30ಕ್ಕ ನೋಂದಣಿ ಮತ್ತು ಊಟ, 1.45ಕ್ಕ ಮೊದಲ ಗೋಷ್ಠಿ. ಎರಡನೇ ದಿನ 9ರಿಂದ 4.30. ರಾತ್ರಿ ರೈಲು, ಬಸ್ಸು ಹಿಡಿದು ಎಲ್ಲಾರೂ ಊರು ಸೇರ್ತಾರ. ಒಬ್ಬೊಬ್ಬರಿಗೆ ಒಂದು ರಾತ್ರಿ ಬಾಡಿಗಿ ಉಳೀತು.

ಸಣ್ಣೂರ ಪದವಿ ಕಾಲೇಜು:

ಪ್ರಬಂಧ ಮಂಡನೆ ಮತ್ತು ಐಎಸ್‌ಬಿಎನ್ ಸಂಪುಟ ಎರಡನ್ನೂ ದಯವಿಟ್ಟು ಕೈಬಿಡಿ. ಅವು ಇದ್ದ ಕೂಡಲೇ ಸಮ್ಮೇಳನದ ಸ್ವರೂಪವೇ ಬದಲಾಗುತ್ತದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತಕ್ಕೆ, ಬಡ್ತಿಯ ಅಂಕಕ್ಕೆ ಬೇಕಾದವರು 60-70 ಪ್ರಬಂಧ ಕಳಿಸುತ್ತಾರೆ, ಒಬ್ಬೊಬ್ಬರಿಗೆ 7 ನಿಮಿಷ, ಕೇಳುವವರು ತಮ್ಮ ಸರದಿಗೆ ಕಾಯುತ್ತಿರುವ ಮಂಡನಕಾರರೇ. ಪ್ರವೇಶಾತಿಯ ಮೇಜಿನಲ್ಲಿ ಕೂತವರಿಗೆ ಇದರಿಂದ ಒಂದು ಹನಿಯೂ ಸಿಗುವುದಿಲ್ಲ.

ಬದಲಿಗೆ ಗೋಷ್ಠಿಯ ಪ್ರಸ್ತಾವ ಕೇಳಿ. 300 ಪದ ಮೀರಬಾರದು. ಅದರಲ್ಲಿ ಮೂರೇ ಪ್ರಶ್ನೆಗಳಿಗೆ ಉತ್ತರ ಇರಲಿ: ನಿಮ್ಮ ಸಂಸ್ಥೆಯಲ್ಲಿ ಏನು ಮಾಡಿದಿರಿ, ಅದರ ಯಾವ ಅಂಕಿಅಂಶವನ್ನು ತೆರೆದು ತೋರಿಸುತ್ತೀರಿ, ಕೇಳಿದವರು ಮರುದಿನ ತಮ್ಮ ಕಾಲೇಜಿನಲ್ಲಿ ಯಾವ ಕೆಲಸ ಮಾಡಬಲ್ಲರು. ಮೂರನೆಯದಕ್ಕೆ ‘ಜಾಗೃತಿ ಮೂಡುತ್ತದೆ’ ಎಂದು ಬರೆದವರನ್ನು ಪಕ್ಕಕ್ಕಿಡಿ. ಸಂಸ್ಥೆಯ ಹೆಸರು ಮರೆಮಾಡಿ ಮೂವರು ಓದಿ ಅಂಕ ಕೊಡಲಿ. ಹೆಸರು ಕಂಡರೆ ದೊಡ್ಡ ವಿಶ್ವವಿದ್ಯಾಲಯದ ಪ್ರಸ್ತಾವವೇ ಗೆಲ್ಲುತ್ತದೆ, 400 ಮಕ್ಕಳ ಕಾಲೇಜೊಂದು ಬರೀ ವಾಟ್ಸ್‌ಆ್ಯಪ್‌ನಿಂದ ಸೀಟು ತುಂಬಿದ ಬಗೆ ಹೊರಗೇ ಉಳಿಯುತ್ತದೆ.

ಒಂದು ಎಚ್ಚರಿಕೆ: ಅಂಕಿಅಂಶ ತೋರಿಸಲು ಪ್ರಾಂಶುಪಾಲರ ಲಿಖಿತ ಅನುಮತಿ ಬೇಕಾಗುತ್ತದೆ. ಆಯ್ಕೆಯ ಪತ್ರದ ಜೊತೆಗೇ ಅನುಮತಿ ಪತ್ರದ ಮಾದರಿಯನ್ನೂ ಕಳಿಸಿ. ಸಮ್ಮೇಳನಕ್ಕೆ ನಾಲ್ಕು ದಿನ ಇರುವಾಗ ‘ಮೇಲಿನವರು ಬೇಡ ಅಂದರು’ ಎಂದು ಭಾಷಣಕಾರರು ಹಿಂದೆ ಸರಿಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಧಾರವಾಡ ಪ್ರವೇಶ ವಿಭಾಗ:

ತಿಂಗಳು ಬದಲಿಸುತ್ತೇವೆ, ಮಧ್ಯಾಹ್ನ ಶುರು ಮಾಡುವುದೂ ಒಪ್ಪಿಗೆ. ಸಂಪುಟದ ಬಗ್ಗೆ ಆಡಳಿತ ಮಂಡಳಿಯನ್ನು ಒಪ್ಪಿಸಬೇಕು, ಪ್ರಯತ್ನಿಸುತ್ತೇವೆ. ಹಾಗಾದರೆ ಗೋಷ್ಠಿಗಳಲ್ಲಿ ಏನೇನಿರಬೇಕು?

ದಾಖಲೆ ಮತ್ತು ದತ್ತಾಂಶ:

ಎಲ್ಲಕ್ಕಿಂತ ಮೊದಲು ವಿಚಾರಣೆಯಿಂದ (ಸೇರುವ ಆಸಕ್ತಿಯಿಂದ ಬಂದ ಕೇಳಿಕೆ, ‘ಲೀಡ್’) ಪ್ರವೇಶದವರೆಗಿನ ಲೆಕ್ಕ. ಇದಕ್ಕೆ ಪೂರ್ಣ ಮೂರು ಗಂಟೆ ಕೊಡಿ, ಉಪನ್ಯಾಸ ಬೇಡ, ಲ್ಯಾಬ್‌ನಲ್ಲಿ ಕೂರಿಸಿ ಮಾಡಿಸಿ.

ಹೆಚ್ಚಿನ ಕಾಲೇಜುಗಳು ಏಜೆನ್ಸಿಯನ್ನು ಅಳೆಯುವುದು ಒಂದು ವಿಚಾರಣೆಗೆ ಎಷ್ಟು ಖರ್ಚಾಯಿತು ಎಂಬುದರಿಂದ. ಅದು ದಾರಿ ತಪ್ಪಿಸುತ್ತದೆ. ಉದಾಹರಣೆಯ ಲೆಕ್ಕ ಹೀಗೆ ಮಾಡಿಸಿ: ಜಾಲತಾಣದ ಜಾಹೀರಾತಿಗೆ 2,00,000 ರೂ., ಬಂದ ವಿಚಾರಣೆ 1,000, ತಲಾ 200 ರೂ. ಅದರಲ್ಲಿ ನಕಲು ಮತ್ತು ತಪ್ಪು ಸಂಖ್ಯೆ 250 ಕಳೆಯಿರಿ. ಉಳಿದ 750ರಲ್ಲಿ ಫೋನ್ ಎತ್ತಿದವರು 300, ಕಾಲೇಜಿಗೆ ಬಂದು ನೋಡಿದವರು 60, ಸೇರಿದವರು 15. ಅಂದರೆ ಒಂದು ಪ್ರವೇಶಕ್ಕೆ 13,333 ರೂ. ಇನ್ನೊಂದು ಕಡೆ ಶಿಕ್ಷಣ ಮೇಳದ ಮಳಿಗೆಗೆ 80,000 ರೂ., ವಿಚಾರಣೆ ಬರೀ 160, ತಲಾ 500 ರೂ. ಆದರೆ ಸೇರಿದವರು 10. ಒಂದು ಪ್ರವೇಶಕ್ಕೆ 8,000 ರೂ. ವಿಚಾರಣೆಯ ಕಾಲಂ ಮಾತ್ರ ನೋಡಿದ ಆಡಳಿತ ಮಂಡಳಿ ಮೇಳವನ್ನು ನಿಲ್ಲಿಸುತ್ತಿತ್ತು. ಪ್ರತಿನಿಧಿಗಳು ಹೆಸರು-ಫೋನ್ ಅಳಿಸಿದ ತಮ್ಮದೇ ಕಳೆದ ವರ್ಷದ ಎಕ್ಸೆಲ್ ಹಾಳೆ ತಂದು ಇದನ್ನು ಮಾಡಲಿ.

ಅಲ್ಲಿ ಕಲಿಸಲೇಬೇಕಾದ ಇನ್ನೂ ಕೆಲವು. ಭೇಟಿ ಎಲ್ಲಿಂದ ಬಂತು ಎಂದು ತಿಳಿಯಲು ಕೊಂಡಿಗೆ ಸೇರಿಸುವ ಯುಟಿಎಂ ಗುರುತು ಹಾಕುವಾಗ ಒಬ್ಬರು ಇನ್‌ಸ್ಟಾಗ್ರಾಂ ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ, ಇನ್ನೊಬ್ಬರು ಸಣ್ಣಕ್ಷರದಿಂದ ಆರಂಭಿಸಿದರೆ ವರದಿಯಲ್ಲಿ ಅದು ಎರಡು ಮೂಲವಾಗಿ ಒಡೆಯುತ್ತದೆ. ಎಲ್ಲರಿಗೂ ಒಂದೇ ಹಾಳೆಯಿಂದ ಗುರುತು ಆರಿಸುವ ಪದ್ಧತಿ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದ ಕೊಂಡಿಗೆ ಗುರುತು ಇರದಿದ್ದರೆ ಅದು ‘ನೇರ ಭೇಟಿ’ ಎಂದು ದಾಖಲಾಗುತ್ತದೆ, ಹಾಗಾಗಿ ವೆಬ್‌ಸೈಟಿನ ಲೆಕ್ಕ ಮಾತ್ರ ಸಾಲದು. ಪ್ರವೇಶದ ಮೇಜಿನಲ್ಲಿ ‘ನಮ್ಮ ಕಾಲೇಜಿನ ಬಗ್ಗೆ ಮೊದಲು ಎಲ್ಲಿ ತಿಳಿಯಿತು’ ಎಂದು ವಿದ್ಯಾರ್ಥಿಗೂ ಪೋಷಕರಿಗೂ ಬೇರೆ ಬೇರೆಯಾಗಿ ಕೇಳಬೇಕು. ಎರಡು ಉತ್ತರಗಳು ಹೊಂದದಿರುವುದೇ ಹೆಚ್ಚು, ಪ್ರಚಾರದ ಹಣವನ್ನು ಹೇಗೆ ಹಂಚಬೇಕು ಎಂಬುದು ಆ ಅಂತರದಲ್ಲಿ ಕಾಣುತ್ತದೆ. ಇನ್ನು ವಿಚಾರಣೆ ಮಾರುವ ಪೋರ್ಟಲ್‌ಗಳು ಒಂದೇ ಸಂಖ್ಯೆಯನ್ನು ಹಲವು ಕಾಲೇಜುಗಳಿಗೆ ಕೊಡುತ್ತವೆ. ಒಪ್ಪಂದದಲ್ಲಿ ‘ನಮ್ಮಲ್ಲಿ ಈಗಾಗಲೇ ಇರುವ ಸಂಖ್ಯೆಗೆ ಹಣವಿಲ್ಲ’ ಎಂಬ ಷರತ್ತು ಹಾಕುವುದು ಹೇಗೆ ಎಂದೂ ತೋರಿಸಿ.

ಕಾಯ್ದೆ ಓದುವವರು:

ಕಾನೂನಿನ ಗೋಷ್ಠಿಯನ್ನು ಎರಡನೇ ದಿನದ ಕೊನೆಗೆ ತಳ್ಳಬೇಡಿ. ಈ ಕ್ಷೇತ್ರದಲ್ಲಿ ನಾವು ಮಾತಾಡಿಸುವವರು 17 ವರ್ಷದವರು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಅವರ ನಡೆಯನ್ನು ಹಿಂಬಾಲಿಸುವುದು ಮತ್ತು ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ವಿನಾಯಿತಿ ಇದೆ ಎಂದು ಕೆಲವರು ನೆಮ್ಮದಿಯಿಂದಿದ್ದಾರೆ. ಆ ವಿನಾಯಿತಿ ಶೈಕ್ಷಣಿಕ ಚಟುವಟಿಕೆಗೆ ಮತ್ತು ದಾಖಲಾದ ಮಕ್ಕಳ ಸುರಕ್ಷತೆಗೆ ಸೀಮಿತ. ಇನ್ನೂ ಸೇರದ ಹುಡುಗನಿಗೆ ಜಾಹೀರಾತು ತೋರಿಸಲು ಅದು ಒದಗುವುದಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಕ್ಕಳ ವಿಷಯದ ಲೋಪಕ್ಕೆ ದಂಡ 200 ಕೋಟಿ ರೂ.ವರೆಗೂ ಹೋಗಬಹುದು.

ಜಾಲತಾಣಗಳೂ ಈ ಬಾಗಿಲನ್ನು ಮುಚ್ಚುತ್ತಾ ಬಂದಿವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ 2023ರ ಫೆಬ್ರವರಿಯಿಂದ 18ರ ಕೆಳಗಿನವರಿಗೆ ವಯಸ್ಸು ಮತ್ತು ಊರಿನ ಆಧಾರದ ಮೇಲೆ ಮಾತ್ರ ಜಾಹೀರಾತು ತೋರಿಸಲು ಬಿಡುತ್ತದೆ. ‘ಎಂಜಿನಿಯರಿಂಗ್‌ನಲ್ಲಿ ಆಸಕ್ತಿ ಇರುವ ಪಿಯು ವಿದ್ಯಾರ್ಥಿಗಳು’ ಎಂಬ ಗುರಿಯನ್ನು ಮಾರುವ ಏಜೆನ್ಸಿಯನ್ನು ಅದು ಹೇಗೆ ಸಾಧ್ಯ ಎಂದು ಕೇಳಿ. ಪ್ರಾಮಾಣಿಕ ದಾರಿ ಎರಡು: ಪೋಷಕರನ್ನು ಉದ್ದೇಶಿಸಿದ ಜಾಹೀರಾತು, ಮತ್ತು ವಿದ್ಯಾರ್ಥಿ ತಾನಾಗಿ ಹುಡುಕಿದಾಗ ಸಿಗುವ ಒಳ್ಳೆಯ ಪುಟ. ಗೋಷ್ಠಿಯಲ್ಲಿ ಈ ಎರಡನ್ನೂ ಕಟ್ಟುವುದು ಕಲಿಸಿ.

ಜಾಹೀರಾತಿನ ಮಾತಿಗೂ ಮಿತಿ ಇದೆ. ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿಯ ಶಿಕ್ಷಣ ಮಾರ್ಗಸೂಚಿಯಂತೆ ಶ್ರೇಯಾಂಕ ಹೇಳುವಾಗ ಕೊಟ್ಟವರ ಪೂರ್ಣ ಹೆಸರು, ಪ್ರಕಟವಾದ ದಿನಾಂಕ ಬೇಕು. ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂದರೆ ಆ ತರಗತಿಯಿಂದ ಹೊರಬಂದವರ ಒಟ್ಟು ಸಂಖ್ಯೆಯನ್ನೂ ಹೇಳಬೇಕು. ತೋರಿಸಿದ ಕಟ್ಟಡ ನಿಮ್ಮದೇ ಆಗಿರಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂ.ವರೆಗೆ, ಮರುಕಳಿಸಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಬಲ್ಲದು. ಹಳೆಯ ವಿದ್ಯಾರ್ಥಿಗೆ ಹಣ ಕೊಟ್ಟು ರೀಲ್ ಮಾಡಿಸಿದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಬರೆಯಬೇಕು.

ಈ ಗೋಷ್ಠಿಯನ್ನು ವಕೀಲರೊಬ್ಬರ ಭಾಷಣವಾಗಿ ಇಡುವುದಕ್ಕಿಂತ, ಪ್ರತಿನಿಧಿಗಳು ತಂದ ಕರಪತ್ರಗಳನ್ನು ಪರದೆಯ ಮೇಲೆ ಇಟ್ಟು ಸಾಲು ಸಾಲಾಗಿ ತಿದ್ದುವ ಕಾರ್ಯಾಗಾರ ಮಾಡಿ. ಸಂಸ್ಥೆಯ ಹೆಸರು ಮುಚ್ಚಿರಲಿ.

ಸಂದೇಶ ಕಳಿಸುವವರು:

ವಾಟ್ಸ್‌ಆ್ಯಪ್, ಎಸ್‌ಎಂಎಸ್, ಕರೆ ಮೂರನ್ನೂ ಒಂದೇ ಗೋಷ್ಠಿಯಲ್ಲಿಡಿ, 90 ನಿಮಿಷ ಸಾಕು. ಸೇರಬೇಕಾದ ವಿಷಯಗಳನ್ನು ಹೇಳುತ್ತೇನೆ.

ವಾಟ್ಸ್‌ಆ್ಯಪ್ ಬಿಸಿನೆಸ್ ಎಪಿಐನಲ್ಲಿ (ಸಂಸ್ಥೆಗಳು ತಂತ್ರಾಂಶದ ಮೂಲಕ ಬಹಳ ಜನರಿಗೆ ಸಂದೇಶ ಕಳಿಸುವ ವ್ಯವಸ್ಥೆ) 2025ರ ಜುಲೈಯಿಂದ ಸಂದೇಶವೊಂದಕ್ಕೆ ದರ. ‘ನಿಮ್ಮ ಅರ್ಜಿಯಲ್ಲಿ ಅಂಕಪಟ್ಟಿ ಬಾಕಿ ಇದೆ’ ಎಂಬುದು ಸೇವಾ (ಯುಟಿಲಿಟಿ) ಮಾದರಿ, ಅಗ್ಗ. ಅದರ ಕೆಳಗೆ ‘ಕೆಲವೇ ಸೀಟುಗಳು ಉಳಿದಿವೆ, ಇಂದೇ ಸೇರಿ’ ಎಂದು ಒಂದು ಸಾಲು ಸೇರಿಸಿದರೆ ಮೆಟಾ ಅದನ್ನು ಪ್ರಚಾರ ಮಾದರಿಗೆ ವರ್ಗಾಯಿಸುತ್ತದೆ, ದರ ಏರುತ್ತದೆ. ಫಲಿತಾಂಶದ ದಿನ ಹೊಸ ಸಂಖ್ಯೆಯಿಂದ ಎಲ್ಲರಿಗೂ ಕಳಿಸುತ್ತೇವೆ ಎನ್ನುವವರಿಗೆ ಆರಂಭದ ಮಿತಿಯೇ ಗೊತ್ತಿರುವುದಿಲ್ಲ. ವ್ಯವಹಾರ ಪರಿಶೀಲನೆ ಮುಗಿಯದ ಸಂಸ್ಥೆಯ ಖಾತೆಯಿಂದ 24 ಗಂಟೆಯಲ್ಲಿ 250 ಜನರಿಗಷ್ಟೇ ನಾವಾಗಿ ಸಂದೇಶ ಕಳಿಸಬಹುದು. ಪರಿಶೀಲನೆಯನ್ನು ಡಿಸೆಂಬರ್‌ನಲ್ಲೇ ಮುಗಿಸಬೇಕು.

ಎಸ್‌ಎಂಎಸ್‌ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ಡಿಎಲ್‌ಟಿ (ಕಳಿಸುವವರನ್ನೂ ಸಂದೇಶದ ಮಾದರಿಯನ್ನೂ ದಾಖಲಿಸುವ ವೇದಿಕೆ) ನೋಂದಣಿ, ಮಾದರಿಗೆ ಮುಂಗಡ ಒಪ್ಪಿಗೆ ಕಡ್ಡಾಯ. 2024ರ ಅಕ್ಟೋಬರ್‌ನಿಂದ ಸಂದೇಶದೊಳಗಿನ ವೆಬ್ ಕೊಂಡಿಯೂ ಮೊದಲೇ ನೋಂದಣಿಯಾಗಿರಬೇಕು, ಇಲ್ಲದಿದ್ದರೆ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಕನ್ನಡದಲ್ಲಿ ಕಳಿಸುವವರು ಉದ್ದ ಎಣಿಸುವುದನ್ನು ಕಲಿಯಬೇಕು. ಇಂಗ್ಲಿಷಿಗೆ ಒಂದು ಭಾಗ 160 ಅಕ್ಷರ, ಯೂನಿಕೋಡ್ ಕನ್ನಡಕ್ಕೆ 70. ಎರಡನೇ ಭಾಗಕ್ಕೆ ದಾಟಿದರೆ ತಲಾ 67. ‘ಪ್ರವೇಶ’ ಎಂಬುದು ಕಣ್ಣಿಗೆ ಮೂರು ಅಕ್ಷರ, ಎಣಿಕೆಯಲ್ಲಿ ಆರು. 200 ಎಣಿಕೆಯ ಕನ್ನಡ ಸಂದೇಶಕ್ಕೆ ಮೂರು ಸಂದೇಶದ ಹಣ.

ಸಿಬ್ಬಂದಿಯ ಸ್ವಂತ ಸಿಮ್‌ನಿಂದ ದಿನವಿಡೀ ಪ್ರಚಾರದ ಕರೆ ಮಾಡಿಸುವುದು ನಿಲ್ಲಬೇಕು. ಪ್ರಚಾರದ ಕರೆಗೆ 140 ಸರಣಿ ಇದೆ. ದೂರು ಬಂದರೆ ಕಡಿತವಾಗುವುದು ಆ ಸಿಬ್ಬಂದಿಯ ಮನೆಯ ಸಂಖ್ಯೆ.

ಯೂನಿಕೋಡ್ ಬಳಗ:

ಕನ್ನಡದ ಗೋಷ್ಠಿ ಎಲ್ಲಿ? ಪದವಿ ಕಾಲೇಜಿಗೆ ಮಗಳನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ತಾಯಿ-ತಂದೆ ಓದುವುದು ಕನ್ನಡ. ನಮ್ಮ ಎಷ್ಟೋ ಕಾಲೇಜುಗಳ ವಿವರಣಾ ಪುಸ್ತಿಕೆ ಇವತ್ತಿಗೂ ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ತಯಾರಾಗುತ್ತದೆ. ಅದನ್ನೇ ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಹಾಕುತ್ತಾರೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಆದ್ದರಿಂದ ‘ಧಾರವಾಡ ಬಿಕಾಂ ಶುಲ್ಕ’ ಎಂದು ಗೂಗಲ್‌ನಲ್ಲಿ ಹುಡುಕಿದವರಿಗೆ ಅದು ಸಿಗುವುದೇ ಇಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡ ಬಂದರೆ ಸರಿ, ಗೋಜಲು ಬಂದರೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕ ಬಳಸಿದ ಮೇಲೂ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಮನುಷ್ಯರೇ ಓದಿ ತಿದ್ದಬೇಕು. ಶುಲ್ಕದ ಪಟ್ಟಿಯಲ್ಲಿ ಅಂಕಿ ಕೆಟ್ಟರೆ ಗಲಾಟೆ.

ಶುಲ್ಕ, ಹಾಸ್ಟೆಲ್, ಬಸ್ಸಿನ ಮಾರ್ಗ, ವಿದ್ಯಾರ್ಥಿವೇತನ: ಈ ನಾಲ್ಕು ಪುಟಗಳನ್ನು ಪಿಡಿಎಫ್ ಬಿಟ್ಟು ನೇರ ವೆಬ್ ಪುಟವಾಗಿ ಕನ್ನಡದಲ್ಲಿ ಬರೆಯುವ ಕಾರ್ಯಾಗಾರ ಇಡಿ. ಎರಡು ಗಂಟೆಯಲ್ಲಿ ಪ್ರತಿಯೊಬ್ಬರೂ ಒಂದು ಪುಟ ಮುಗಿಸಬಹುದು. ಸಮ್ಮೇಳನದ ಮಾತೂ ಕನ್ನಡದಲ್ಲೇ ಇರಲಿ, ತಾಂತ್ರಿಕ ಪದ ಯಾವ ರೂಪದಲ್ಲಿ ರೂಢಿಯಲ್ಲಿದೆಯೋ ಹಾಗೇ ಬರಲಿ.

ನೆಟ್‌ವರ್ಕ್ ಕೊಠಡಿ:

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ಕಾಲೇಜಿನ ಫೈರ್‌ವಾಲ್‌ನಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಮುಚ್ಚಿರುತ್ತವೆ. ಜಾಲತಾಣದ ಕಾರ್ಯಾಗಾರ ಅದೇ ಜಾಲದಲ್ಲಿ ನಡೆದರೆ ಮೊದಲ ಹತ್ತು ನಿಮಿಷದಲ್ಲೇ ನಿಲ್ಲುತ್ತದೆ. ಪ್ರತಿನಿಧಿಗಳಿಗೆ ಬೇರೆ ವೈಫೈ ಹೆಸರು, ಬೇರೆ ನೀತಿ ಮಾಡಿಸಿ, ಒಂದು ವಾರ ಮೊದಲು ಲ್ಯಾಬ್‌ನಲ್ಲೇ ಕೂತು ಮೆಟಾ ಆ್ಯಡ್ಸ್ ಮ್ಯಾನೇಜರ್, ಗೂಗಲ್ ಅನಲಿಟಿಕ್ಸ್, ಯೂಟ್ಯೂಬ್ ಸ್ಟುಡಿಯೊ ಒಂದೊಂದನ್ನೂ ತೆರೆದು ನೋಡಿ.

ಎರಡನೆಯದು ವಿಳಾಸಗಳ ಕೊರತೆ. ಪ್ರತಿ ಸಾಧನಕ್ಕೂ ಜಾಲದ ವಿಳಾಸ ಹಂಚುವ ಸಾಮಾನ್ಯ ಡಿಎಚ್‌ಸಿಪಿ ಜೋಡಣೆಯಲ್ಲಿ 254 ವಿಳಾಸ ಇರುತ್ತವೆ. 150 ಜನ, ತಲಾ ಒಂದು ಫೋನ್ ಒಂದು ಲ್ಯಾಪ್‌ಟಾಪ್, 300 ಆಯಿತು. ವೈಫೈ ಸಂಕೇತ ಪೂರ್ತಿ ತೋರಿಸುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ, ಎಲ್ಲರೂ ವೇಗ ಕಡಿಮೆ ಎಂದು ದೂರುತ್ತಾರೆ. ವಿಳಾಸದ ಗುಂಪನ್ನು 510ಕ್ಕೆ ಹಿಗ್ಗಿಸಿ, ಒಂದು ವಿಳಾಸ ಹಿಡಿದಿಡುವ ಅವಧಿಯನ್ನು 24 ಗಂಟೆಯಿಂದ 1 ಗಂಟೆಗೆ ಇಳಿಸಿ. ವೈಫೈ ಹರಡುವ ಒಂದು ಆ್ಯಕ್ಸೆಸ್ ಪಾಯಿಂಟಿಗೆ 50 ಸಾಧನ ಎಂದು ಲೆಕ್ಕ ಹಾಕಿ ಸಭಾಂಗಣಕ್ಕೆ ಆರು ಇಡಿ.

ಮೂರನೆಯದು ನೇರ ಪ್ರದರ್ಶನ. ಭಾಷಣಕಾರರು ತಮ್ಮ ಸಂಸ್ಥೆಯ ಜಾಹೀರಾತು ಖಾತೆಯನ್ನು ಹೊಸ ಊರಿನ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಭದ್ರತಾ ತಪಾಸಣೆ ಶುರುವಾಗುತ್ತದೆ, ಒಟಿಪಿ ಊರಲ್ಲಿರುವ ಇನ್ನೊಬ್ಬರ ಫೋನಿಗೆ ಹೋಗುತ್ತದೆ. ಅವರದೇ ಲ್ಯಾಪ್‌ಟಾಪ್, ಅವರದೇ ಮೊಬೈಲ್ ಹಾಟ್‌ಸ್ಪಾಟ್, ಜೊತೆಗೆ ಪರದೆಯ ಪೂರ್ವಮುದ್ರಿತ ವಿಡಿಯೊ ಒಂದು ಕೈಯಲ್ಲಿರಲಿ. ಆ ವಿಡಿಯೊದಲ್ಲಿ ವಿದ್ಯಾರ್ಥಿಗಳ ಹೆಸರು, ಫೋನ್ ಸಂಖ್ಯೆ ಕಾಣುತ್ತಿದೆಯೇ ಎಂದು ಸಂಘಟಕರಲ್ಲಿ ಒಬ್ಬರು ಹಿಂದಿನ ದಿನ ಕಡ್ಡಾಯವಾಗಿ ನೋಡಬೇಕು.

ಲೆಕ್ಕದ ಮೇಜು:

ಶುಲ್ಕ 2,500 ರೂ. ಎಂದಿರಿ. ಆ ಅಂಕಿ ಎಲ್ಲಿಂದ ಬಂತು ಎಂದು ಹೇಳಲಿಲ್ಲ. ನನ್ನ ಅಂದಾಜು ಹೀಗೆ, ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಿ.

ಪ್ರತಿನಿಧಿ 150, ಭಾಷಣಕಾರರು 15, ಸ್ವಯಂಸೇವಕರು 25, ಒಟ್ಟು 190 ತಾಟು. ಎರಡು ಊಟ 460, ಎರಡು ದಿನದ ಚಹಾ-ತಿಂಡಿ 180, ಒಂದು ರಾತ್ರಿ ಊಟ 280, ತಲಾ 920 ರೂ. ಒಟ್ಟು 1,74,800. ಹೊರಊರಿನ 8 ಭಾಷಣಕಾರರ ಪ್ರಯಾಣ-ವಸತಿ 72,000, ಗೌರವಧನ 40,000. ಪ್ರತಿನಿಧಿಗಳ ಕಿಟ್ ತಲಾ 250ರಂತೆ 37,500. ವೇದಿಕೆ, ಧ್ವನಿ, ಚಿತ್ರೀಕರಣ 60,000. ಜಾಲ 20,000. ಮುದ್ರಣ 18,000. ವಾಹನ 30,000. ಕೂಡಿದರೆ 4,52,300. ಅನಿರೀಕ್ಷಿತಕ್ಕೆ ಶೇ 10 ಸೇರಿಸಿ 4,97,530.

ಇದರಲ್ಲಿ ಪ್ರತಿನಿಧಿ ಹೆಚ್ಚಿದಂತೆ ಹೆಚ್ಚುವುದು ತಲಾ 1,170 ರೂ. ಮಾತ್ರ, ಊಟ ಮತ್ತು ಕಿಟ್. ಉಳಿದ 3,22,030 ರೂ. ಒಬ್ಬರು ಬಂದರೂ ಖರ್ಚಾಗುವಂಥದ್ದು. ಒಬ್ಬ ಪ್ರತಿನಿಧಿಯಿಂದ ಉಳಿಯುವುದು 1,330. ಪ್ರಾಯೋಜಕರೇ ಇಲ್ಲದಿದ್ದರೆ ಖರ್ಚು ಸರಿದೂಗಲು 243 ಜನ ಬೇಕು, ನಿಮ್ಮ 150 ಪ್ರತಿನಿಧಿಗಳ ಲೆಕ್ಕಕ್ಕೇ ಇದು ಹೊಂದುವುದಿಲ್ಲ. 2 ಲಕ್ಷ ರೂ. ಪ್ರಾಯೋಜಕರಿಂದ ಖಚಿತವಾದರೆ 92 ಜನ ಸಾಕು. ಹಾಗಾಗಿ ಪ್ರಾಯೋಜಕರ ಪತ್ರ ಕೈಗೆ ಬರುವ ಮೊದಲು ಹೊರಊರಿನ ಭಾಷಣಕಾರರಿಗೆ ಮಾತು ಕೊಡಬೇಡಿ.

ಹಣ ಬರುವ ದಾರಿಯ ಬಗ್ಗೆ. ಯುಪಿಐ ಪಾವತಿಯ ಚಿತ್ರ ತೆಗೆದು ಗೂಗಲ್ ಫಾರ್ಮಿನಲ್ಲಿ ಹಾಕಿಸುವ ಪದ್ಧತಿ 30 ಜನರಿಗೆ ಸರಿ, 150ಕ್ಕೆ ಆಗದು. ಕಾಲೇಜುಗಳು ಸಂಸ್ಥೆಯ ಖಾತೆಯಿಂದ ನೆಫ್ಟ್ ಮಾಡುತ್ತವೆ, ಬ್ಯಾಂಕ್ ವಿವರದಲ್ಲಿ ಪ್ರತಿನಿಧಿಯ ಹೆಸರು ಇರುವುದಿಲ್ಲ, ಒಂದೇ ಮೊತ್ತದ ಹತ್ತು ಜಮೆಗಳಲ್ಲಿ ಯಾವುದು ಯಾರದು ಎಂದು ತಿಳಿಯದು. ನೋಂದಣಿ ಆದ ತಕ್ಷಣ ಸಂಖ್ಯೆ ಇರುವ ಪ್ರೊಫಾರ್ಮಾ ಬಿಲ್ ಕಳಿಸಿ, ಪಾವತಿಯ ಟಿಪ್ಪಣಿಯಲ್ಲಿ ಆ ಸಂಖ್ಯೆ ಬರೆಯಲು ಹೇಳಿ. ಬಿಲ್ ಇಲ್ಲದೆ ಅವರ ಲೆಕ್ಕಪತ್ರ ವಿಭಾಗ ಹಣ ಬಿಡುವುದೂ ಇಲ್ಲ. ಬರುವವರಿಗೆ ಆಹ್ವಾನ ಪತ್ರ ಮತ್ತು ಕೊನೆಗೆ ಹಾಜರಾತಿ ಪತ್ರ ಎರಡೂ ಬೇಕು, ಕರ್ತವ್ಯದ ಮೇಲಿನ (ಒಒಡಿ) ರಜೆಗೆ.

ಶಿಕ್ಷಣ ಸಂಸ್ಥೆಗೆ ಜಿಎಸ್‌ಟಿ ಇಲ್ಲ ಎಂದು ಕೂರಬೇಡಿ. ಆ ವಿನಾಯಿತಿ ಸ್ವಂತ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ ಕೊಡುವ ಸೇವೆಗೆ. ಸಂಸ್ಥೆಗೆ ಜಿಎಸ್‌ಟಿ ನೋಂದಣಿ ಇದ್ದರೆ ಹೊರಗಿನವರ ಶುಲ್ಕ, ಪ್ರಾಯೋಜಕತ್ವ ಎರಡಕ್ಕೂ ಶೇ 18 ಬರುತ್ತದೆ, ಶುಲ್ಕ ಘೋಷಿಸುವಾಗಲೇ ‘ತೆರಿಗೆ ಪ್ರತ್ಯೇಕ’ ಎಂದು ಬರೆಯಿರಿ.

ಸಣ್ಣೂರ ಪದವಿ ಕಾಲೇಜು:

ಪ್ರಾಯೋಜಕರ ಬಗ್ಗೆ ಒಂದು ಗಟ್ಟಿ ಮಾತು. ಮುಂದೆ ಬರುವವರು ವಿಚಾರಣೆ ಮಾರುವ ಪೋರ್ಟಲ್‌ಗಳು, ವಿಚಾರಣೆಗಳ ದಾಖಲೆ ಇಡುವ ಸಿಆರ್‌ಎಂ ತಂತ್ರಾಂಶದವರು. ಅವರಿಗೆ ಬೇಕಾದದ್ದು ಪ್ರತಿನಿಧಿಗಳ ಫೋನ್ ಪಟ್ಟಿ. ಅದನ್ನು ಕೊಡಬೇಡಿ. ಮಳಿಗೆಯಲ್ಲಿ ಕ್ಯೂಆರ್ ಇಟ್ಟು, ಇಷ್ಟವಿದ್ದವರು ತಾವೇ ಸಂಖ್ಯೆ ಕೊಡಲಿ ಎಂದು ಒಪ್ಪಂದದಲ್ಲೇ ಬರೆಯಿರಿ. ದತ್ತಾಂಶ ಕಾಯ್ದೆಯ ಗೋಷ್ಠಿ ನಡೆಸುವ ಸಮ್ಮೇಳನವೇ ಪಟ್ಟಿ ಹಂಚಿದರೆ ಆ ಗೋಷ್ಠಿಗೆ ಏನು ಬೆಲೆ? ಗೋಷ್ಠಿಯ ಸಮಯವನ್ನೂ ಮಾರಬೇಡಿ. ಪ್ರಾಯೋಜಕರಿಗೆ ಮಾತಾಡಲೇಬೇಕೆಂದರೆ ಚಹಾ ವೇಳೆಗೆ ಹೊಂದಿಸಿ 10 ನಿಮಿಷ, ‘ಪ್ರಾಯೋಜಿತ’ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರಲಿ.

ಮಂಗಳೂರು ಪಿಆರ್‌ಒ:

ಇನ್ನು ಉದ್ಘಾಟನೆಯ ವಿಷಯಕ್ಕೆ ಬರುತ್ತೇನೆ. 10 ಗಂಟೆ ಎಂದು ಅಚ್ಚು ಹಾಕಿ, ಅತಿಥಿ 11ಕ್ಕೆ ಬಂದು, ಸ್ವಾಗತ, ಪರಿಚಯ, ಹಾರ, ಶಾಲು, ನೆನಪಿನ ಕಾಣಿಕೆ ಎಂದು 12.30 ಆಗುವುದನ್ನು ಈ ವೃತ್ತಿಯವರೆಲ್ಲ ನೋಡಿದ್ದಾರೆ, ಅದರ ಫೋಟೊ ಹಾಕುವುದೂ ನಾವೇ. ಮೊದಲ ಗೋಷ್ಠಿಯನ್ನು ಅತಿಥಿಗಳಿಲ್ಲದೆ 1.45ಕ್ಕೆ ಶುರು ಮಾಡಿ. ಉದ್ಘಾಟನೆ ಸಂಜೆ 5.30ಕ್ಕೆ, 30 ನಿಮಿಷ: ನಾಡಗೀತೆ ಎರಡೂವರೆ ನಿಮಿಷ (2022ರಲ್ಲಿ ಸರ್ಕಾರವೇ ಅವಧಿ ನಿಗದಿ ಮಾಡಿದೆ), ದೀಪ, ಸ್ವಾಗತ 3, ಅತಿಥಿಯ ಮಾತು 12, ಅಧ್ಯಕ್ಷರದು 7, ವಂದನೆ 2. ಪರಿಚಯ ಓದುವುದು ಬೇಡ, ಪರದೆಯ ಮೇಲೆ ತೋರಿಸಿ. ಅತಿಥಿ ತಡವಾದರೆ ಕೆಡುವುದು ರಾತ್ರಿ ಊಟದ ವೇಳೆ, ಕಾರ್ಯಾಗಾರವಲ್ಲ.

ಧಾರವಾಡ ಪ್ರವೇಶ ವಿಭಾಗ:

ಆಡಳಿತ ಮಂಡಳಿಯವರು ಉದ್ಘಾಟನೆ ಸಂಜೆಗೆ ಒಪ್ಪಿದ್ದಾರೆ. ಸಂಪುಟದ ಬದಲು ಕಾರ್ಯಾಗಾರದ ಹಾಳೆಗಳನ್ನು ಒಂದೇ ಕಡತವಾಗಿ ಕೊಡುತ್ತೇವೆ ಎಂದದ್ದಕ್ಕೂ ಒಪ್ಪಿಗೆ ಸಿಕ್ಕಿತು. ಕೊನೆಯ ಪ್ರಶ್ನೆ: ಕಲಬುರಗಿ, ಬೀದರ್, ಕೊಡಗಿನವರು ಆನ್‌ಲೈನ್‌ನಲ್ಲಿ ಸೇರಬಹುದೇ ಎಂದು ಕೇಳುತ್ತಿದ್ದಾರೆ.

ನೆಟ್‌ವರ್ಕ್ ಕೊಠಡಿ:

ಕಾರ್ಯಾಗಾರಕ್ಕೆ ಬೇಡ, ಎದುರು ಕೂತು ತಿದ್ದುವ ಕೆಲಸ ಅದು. ಸಭಾಂಗಣದ ಗೋಷ್ಠಿಗಳನ್ನು ಮಾತ್ರ ಪ್ರಸಾರ ಮಾಡಿ. ಧ್ವನಿಯನ್ನು ಮಿಕ್ಸರ್‌ನಿಂದ ಆಡಿಯೊ ಇಂಟರ್‌ಫೇಸ್ ಮೂಲಕ ನೇರ ಕಂಪ್ಯೂಟರಿಗೆ ತನ್ನಿ. ಲ್ಯಾಪ್‌ಟಾಪ್ ಮೈಕ್ ನಂಬಿದರೆ ಪ್ರತಿಧ್ವನಿ ಬಿಟ್ಟು ಬೇರೇನೂ ಕೇಳಿಸದು. ಪ್ರಸಾರದ ಕಂಪ್ಯೂಟರಿಗೆ ವೈಫೈ ಬೇಡ, ತಂತಿ ಎಳೆಯಿರಿ. ಆನ್‌ಲೈನ್ ಪ್ರಶ್ನೆ ಓದಲು ಒಬ್ಬರನ್ನು ಅದಕ್ಕೆಂದೇ ಕೂರಿಸಿ, ಸಭೆಯ ಪ್ರತಿ ಎರಡು ಪ್ರಶ್ನೆಗೆ ಆನ್‌ಲೈನ್‌ನದು ಒಂದು ಎಂದು ನಿರೂಪಕರಿಗೆ ಮೊದಲೇ ಹೇಳಿ. ಆನ್‌ಲೈನ್ ಶುಲ್ಕ 400-500 ಸಾಕು, ಊಟ-ಕಿಟ್ ಖರ್ಚಿಲ್ಲ.

ದಾಖಲೆ ಮತ್ತು ದತ್ತಾಂಶ:

ಸ್ಲೈಡು ಮತ್ತು ಹಾಳೆಗಳನ್ನು ಮೂರು ದಿನದೊಳಗೆ ಕಳಿಸಿ, ವಾರ ದಾಟಿದರೆ ಯಾರೂ ತೆರೆಯುವುದಿಲ್ಲ. ಅಭಿಪ್ರಾಯ ಪತ್ರದಲ್ಲಿ ಊಟ, ವಸತಿ ಬಗ್ಗೆ ಕೇಳುವ ಜೊತೆಗೆ ‘ಈ ತಿಂಗಳೊಳಗೆ ನಿಮ್ಮ ಕಾಲೇಜಿನಲ್ಲಿ ಬದಲಿಸುವ ಒಂದು ಕೆಲಸ’ ಎಂದು ಬರೆಸಿಕೊಳ್ಳಿ. ಜನವರಿಯಲ್ಲಿ ಅದೇ ಸಾಲನ್ನು ಅವರವರಿಗೇ ಕಳಿಸಿ, ಆಯಿತೇ ಎಂದು ಕೇಳಿ. ಪ್ರವೇಶ ಮುಗಿದ ಮೇಲೆ ಆಗಸ್ಟ್‌ನಲ್ಲಿ ಮತ್ತೊಮ್ಮೆ: ಒಂದು ಪ್ರವೇಶದ ಖರ್ಚು ಮೊದಲು ಎಷ್ಟಿತ್ತು, ಈಗ ಎಷ್ಟು. 150ರಲ್ಲಿ 40 ಜನ ಉತ್ತರಿಸಿದರೂ ಮುಂದಿನ ವರ್ಷದ ಗೋಷ್ಠಿಗಳನ್ನು ಆರಿಸಲು ಸಾಕು. ಯಾವ ವಾರ ಎಂದು ಖಚಿತವಾದ ಕೂಡಲೇ ಇಲ್ಲಿ ಹಾಕಿ ಸರ್, ಪ್ರಸ್ತಾವ ಬರೆಯಲು ಆರು ವಾರವಾದರೂ ಬೇಕು.